ಬೇಕಲದ ಕೋಟೆಯಲ್ಲಿ ಸೂರ್ಯನ ಪ್ರಭಾವಳಿ

ಕನ್ನಡನಾಡಿನ ಶಿಲಾಶಾಸನಗಳನ್ನು ತಿರುವಿ ನೋಡಿದವರಿಗೆ ‘ಸೂರ್ಯಗ್ರಹಣ’ ಎಂಬ ಮಾತು ಹೊಸದೇನಲ್ಲ. ಗ್ರಹಣದ ಪರ್ವಕಾಲದಲ್ಲಿ ಅರಸನೋ ಸಾಮಂತನೋ ಕಾಲು ತೊಳೆದು, ಧಾರೆಯೆರೆದು ಭೂಮಿ ಬಿಟ್ಟ ಸಂಗತಿ ಎಷ್ಟೋ ಕಲ್ಲುಗಳ ಮೇಲೆ ಉಂಟು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ನಮ್ಮ ಹಿರಿಯರು ಶ್ರದ್ಧೆಯಿಂದ ಕೊರೆಯಿಸಿಟ್ಟರು. ಆ ಗ್ರಹಣಗಳನ್ನು ಇಂದು ಗಣಿತದಿಂದ ಲೆಕ್ಕ ಹಾಕಿ ಶಾಸನದ ಕಾಲವನ್ನು ಒರೆಗೆ ಹಚ್ಚುವ ವಿದ್ವಾಂಸರೂ ಇದ್ದಾರೆ. ಆದರೆ ಅಂದು ಆಕಾಶದಲ್ಲಿ ಸೂರ್ಯ ಹೇಗೆ ಕಂಡ ಎಂಬುದನ್ನು ಶಾಸನಗಳು ಸಾಮಾನ್ಯವಾಗಿ ಹೇಳುವುದಿಲ್ಲ. ದಾನಕ್ಕೆ ಸೂರ್ಯಚಂದ್ರರನ್ನು ಸಾಕ್ಷಿ ಕರೆದದ್ದಾಯಿತು. ಸೂರ್ಯನ ರೂಪಕ್ಕೆ ಸಾಕ್ಷಿ ಹೇಳುವವರು ಬೇರೆ ಬರಬೇಕಾಯಿತು. ಆ ಸಾಕ್ಷಿ ಗಾಜಿನ ಒಂದು ಹಲಗೆ. ಅದು ನಮ್ಮ ಕಡಲ ದಂಡೆಗೆ ಬಂದದ್ದು 1871ರಲ್ಲಿ.

ಪೂರ್ಣಗ್ರಹಣದಲ್ಲಿ ಚಂದ್ರನು ಸೂರ್ಯಬಿಂಬವನ್ನು ಪೂರ್ತಿ ಮುಚ್ಚಿದಾಗ, ಆ ಕರಿಯ ತಟ್ಟೆಯ ಸುತ್ತ ಮುತ್ತಿನ ಬಣ್ಣದ ಒಂದು ಕಾಂತಿ ಕಾಣುತ್ತದೆ. ಇಂಗ್ಲಿಷರು ಅದನ್ನು ಕರೋನ, ಎಂದರೆ ಕಿರೀಟ, ಎನ್ನುತ್ತಾರೆ. ನಮ್ಮ ದೇವರ ವಿಗ್ರಹಗಳ ಹಿಂದಿನ ಪ್ರಭಾವಳಿಯನ್ನು ಕಂಡವರಿಗೆ ಪ್ರಭಾವಳಿ ಎಂಬ ಹೆಸರೇ ಹೆಚ್ಚು ಒಪ್ಪೀತು. ಅದರ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಹಗಲಿನ ನೀಲಿ ಆಕಾಶದ ಹೊಳಪೇ ಅದನ್ನು ನುಂಗಿಬಿಡುತ್ತದೆ. ಚಂದ್ರನು ಅಡ್ಡ ಬಂದ ಆ ಎರಡು ಮೂರು ನಿಮಿಷ ಬಿಟ್ಟರೆ ಬರಿಯ ಕಣ್ಣಿಗೆ ಅದರ ದರ್ಶನವಿಲ್ಲ.

ಈ ಪ್ರಭಾವಳಿ ಯಾರದು ಎಂಬುದೇ ಹತ್ತೊಂಬತ್ತನೆಯ ಶತಮಾನದ ದೊಡ್ಡ ವ್ಯಾಜ್ಯ. ಸೂರ್ಯನದೇ ಎಂದರು ಕೆಲವರು. ಚಂದ್ರನ ಅಂಚಿಗೆ ಬೆಳಕು ತಾಗಿ ಚೆದುರಿದ್ದು ಎಂದರು ಕೆಲವರು. ಅದೊಂದೂ ಅಲ್ಲ, ನಮ್ಮ ಭೂಮಿಯ ಗಾಳಿಯಲ್ಲಿ ಹುಟ್ಟುವ ಹೊಳಪು ಎಂಬ ವಾದವೂ ಇದ್ದಿತು. ನೋಡಿದವರು ಕೈಯಿಂದ ಬರೆದ ಚಿತ್ರಗಳು ಒಂದರಂತೆ ಒಂದಿರಲಿಲ್ಲ. ಒಂದೇ ಕಡೆ ನಿಂತು ನೋಡಿದ ಇಬ್ಬರು ಬರೆದ ಪ್ರಭಾವಳಿಗಳೇ ಬೇರೆ ಬೇರೆ! ಎರಡು ನಿಮಿಷದ ಬೆರಗಿನಲ್ಲಿ ಕೈ ನಡುಗುವುದು ಸಹಜ. ನಡುಗದ ಕೈ ಬೇಕಾಗಿತ್ತು, ಅದು ಕ್ಯಾಮೆರಾದ್ದು.

ಗ್ರಹಣದ ನೆರಳು ಮೊದಲು 1868ರ ಆಗಸ್ಟ್ 18ರಂದು ನಮ್ಮ ನಾಡಿನ ಮೇಲೆ ಹಾದಿತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ, ರಾಯಲ್ ಸೊಸೈಟಿಯ ಪರವಾಗಿ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕಾದು ಕುಳಿತಿದ್ದ. ಇವನ ತಂದೆ ಸರ್ ಜಾನ್ ಹರ್ಷೆಲ್ ಫೋಟೋಗ್ರಫಿಗೆ ಹತ್ತಿರದ ನಂಟ. ಹಳೆಯ ಸ್ಟುಡಿಯೋಗಳ ಕತ್ತಲಕೋಣೆಯಲ್ಲಿ ಮೂಗಿಗೆ ಬಡಿಯುತ್ತಿದ್ದ ‘ಹೈಪೋ’ ದ್ರಾವಣದಲ್ಲಿ ಬೆಳ್ಳಿಯ ಲವಣಗಳು ಕರಗುತ್ತವೆಂದು 1819ರಲ್ಲಿ ಕಂಡುಕೊಂಡವನು ಅವನೇ. ಮಗನ ಕೈಯಲ್ಲಿದ್ದುದು ಕ್ಯಾಮೆರಾ ಅಲ್ಲ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ. ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಅವನು ಕಂಡ. ಆ ಜ್ವಾಲೆ ಉರಿಯುವ ಅನಿಲವೆಂಬುದು ಇದರಿಂದ ತಿಳಿಯಿತು. ಕಿತ್ತಳೆ ಗೆರೆಯ ಒಡೆಯನಿಗೆ ಮುಂದೆ ಹೀಲಿಯಂ ಎಂಬ ಹೆಸರಾಯಿತು. ಅದೇ ದಿನ ಗುಂಟೂರಿನಲ್ಲಿ ಮೇಜರ್ ಟೆನಂಟ್‌ನ ತಂಡ ಫೋಟೋ ತೆಗೆಯಿತು. ಜ್ವಾಲೆಗಳು ಚೆನ್ನಾಗಿ ಮೂಡಿದವು. ಪ್ರಭಾವಳಿ ಮಾತ್ರ ಸರಿಯಾಗಿ ಸಿಕ್ಕಲಿಲ್ಲ.

ಮೂರು ವರ್ಷ ಕಳೆದು 1871ರ ಡಿಸೆಂಬರ್ 12ರಂದು ನೆರಳು ಮತ್ತೆ ಬಂದಿತು. ಈ ಸಲ ಅದು ಅರಬ್ಬೀ ಸಮುದ್ರದಿಂದ ನೆಲ ಹತ್ತಿದ್ದು ಬೇಕಲದ ಬಳಿ. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಹೆಣೆದುಕೊಂಡ ಈ ಕೋಟೆ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕಾಸರಗೋಡಿನೊಡನೆ ಕೇರಳಕ್ಕೆ ಸೇರಿತು. ಸಿನಿಮಾ ಪ್ರಿಯರು 1995ರ ‘ಬಾಂಬೆ’ ಚಿತ್ರದ ಹಾಡಿನಲ್ಲಿ ಇದರ ಬುರುಜುಗಳನ್ನು ಕಂಡಿದ್ದಾರೆ. ಅದಕ್ಕೆ ನೂರಿಪ್ಪತ್ತನಾಲ್ಕು ವರ್ಷ ಮೊದಲೇ ಇಲ್ಲಿ ಕ್ಯಾಮೆರಾ ನಿಂತಿತ್ತು ಎಂಬುದು ಎಲ್ಲರಿಗೂ ತಿಳಿದಿರಲಾರದು.

ತಂಡದ ಮುಖ್ಯಸ್ಥ ನಾರ್ಮನ್ ಲಾಕಿಯರ್. ಹೀಲಿಯಂ ಎಂದು ಹೆಸರಿಟ್ಟವರಲ್ಲಿ ಒಬ್ಬ. ಅವನು 1868ರ ಗ್ರಹಣವನ್ನು ನಮ್ಮ ಕರಾವಳಿಯ ಕೋಟೆಯೊಂದರಿಂದ ನೋಡಿ ಹೀಲಿಯಂ ಕಂಡುಹಿಡಿದನೆಂಬ ಮಾತು ಅಲ್ಲಲ್ಲಿ ಕೇಳಬರುತ್ತದೆ. ಅದು ಸರಿಯಲ್ಲ, ಆ ವರ್ಷ ಅವನು ಇಂಗ್ಲೆಂಡಿನಲ್ಲೇ ಇದ್ದ. 1870ರಲ್ಲಿ ಸಿಸಿಲಿ ದ್ವೀಪಕ್ಕೆ ಗ್ರಹಣ ನೋಡಲು ಹೊರಟರೆ ದಾರಿಯಲ್ಲಿ ಹಡಗು ಬಂಡೆಗೆ ಬಡಿಯಿತು. ಗ್ರಹಣದ ಹೊತ್ತಿಗೆ ಮೋಡ ಮುಚ್ಚಿತು. ಹೀಗಾಗಿ ಬೇಕಲವೇ ಅವನ ಪಾಲಿನ ಭಾಗ್ಯ. ಲಾರ್ಡ್ ಲಿಂಡ್ಸೇ ತನ್ನ ಛಾಯಾಗ್ರಾಹಕ ಡೇವಿಸ್ ಎಂಬವನನ್ನು ತಂಡದೊಡನೆ ಕಳುಹಿಸಿದ್ದ. ಅತ್ತ ನೀಲಗಿರಿಯ ದೊಡ್ಡಬೆಟ್ಟದ ಮೇಲೆ ಟೆನಂಟ್ ಮತ್ತೆ ಕ್ಯಾಮೆರಾ ಹೂಡಿದ್ದ. ಒಂದು ಕಡಲ ಮಟ್ಟದಲ್ಲಿ, ಇನ್ನೊಂದು ಎಂಟು ಸಾವಿರ ಅಡಿಗೂ ಮೇಲೆ; ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇತ್ಯರ್ಥಕ್ಕೆ ಬಂದದ್ದು ಈ ದೂರದಿಂದಲೇ.

ಆ ಕಾಲದ ಫೋಟೋಗ್ರಫಿ ಎಂಥ ಕಷ್ಟದ ಕೆಲಸವೆಂಬುದನ್ನು ಮೊಬೈಲಿನಲ್ಲಿ ಪಟ ತೆಗೆಯುವ ಇಂದಿನವರು ಊಹಿಸಲಾರರು. ಗಾಜಿಗೆ ಕೊಲೋಡಿಯನ್ ಎಂಬ ಅಂಟು ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಆರುವುದರೊಳಗೆ ಕ್ಯಾಮೆರಾಕ್ಕೆ ಇಟ್ಟು ತೆಗೆದು, ಒಡನೆಯೇ ಕತ್ತಲೆಯ ಡೇರೆಯಲ್ಲಿ ತೊಳೆಯಬೇಕು. ಇಷ್ಟನ್ನೂ ಸುಮಾರು ಎರಡು ನಿಮಿಷದ ಗ್ರಹಣಕ್ಕೆ ಹೊಂದಿಸಬೇಕು. ಇನ್ನೊಂದು ತೊಡಕು ಉಂಟು. ಪ್ರಭಾವಳಿ ಸೂರ್ಯನ ಅಂಚಿನಲ್ಲಿ ಉಜ್ವಲ, ಸ್ವಲ್ಪ ದೂರ ಸರಿದರೆ ತೀರ ಮಂಕು. ಹೆಚ್ಚು ಹೊತ್ತು ತೆರೆದಿಟ್ಟರೆ ಒಳಭಾಗ ಕಲಸಿಹೋಗುತ್ತದೆ. ಕಡಿಮೆ ತೆರೆದರೆ ಹೊರಭಾಗ ಮೂಡುವುದೇ ಇಲ್ಲ. ಆದ್ದರಿಂದ ಒಂದೇ ಪಟ ಸಾಲದು, ಸಾಲಾಗಿ ಹಲವು ತೆಗೆಯಬೇಕು. ಡೇವಿಸ್ ಬೇಕಲದಲ್ಲಿ ಐದು ಪಟಗಳನ್ನು ತೆಗೆದ. ದೊಡ್ಡಬೆಟ್ಟದಲ್ಲಿಯೂ ಒಂದು ಸಾಲು ಪಟಗಳು ಸಿದ್ಧವಾದವು.

ಅಂದು ಬೆಳಿಗ್ಗೆ ಕೋಟೆಯ ಹೊರಗೆ ಊರ ಜನ ನೆರೆದಿದ್ದರು. ರಾಹು ಹಿಡಿದ ಸೂರ್ಯನ ಬಿಡುಗಡೆಗಾಗಿ ಅವರು ಬೆಂಕಿ ಹೊತ್ತಿಸಲು ಹೊರಟರೆಂದೂ, ಹೊಗೆ ದೂರದರ್ಶಕಗಳಿಗೆ ಅಡ್ಡ ಬಂದೀತೆಂದು ಪೊಲೀಸರು ಅದನ್ನು ತಡೆದರೆಂದೂ ಆ ಕಾಲದ ಬರಹಗಳಿಂದ ತಿಳಿಯುತ್ತದೆ. ಇದನ್ನು ಓದಿ ನಮ್ಮವರ ಮೌಢ್ಯಕ್ಕೆ ನಗುವವರು ನಗಬಹುದು. ನನಗೆ ನಗು ಬರುವುದಿಲ್ಲ. ಕೋಟೆಯೊಳಗಿನವರೂ ಹೊರಗಿನವರೂ ಆ ಎರಡು ನಿಮಿಷ ಸೂರ್ಯನನ್ನೇ ಕುರಿತು ಚಿಂತಿಸುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸುವವರಿರಲಿಲ್ಲ, ಅಷ್ಟೆ. ಆ ಕೆಲಸಕ್ಕೆ ಕೈಹಾಕಿದವರು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು. 1868ರ ಗ್ರಹಣಕ್ಕೆ ಹೈದರಾಬಾದು ಸಂಸ್ಥಾನದ ವನಪರ್ತಿಗೆ ಹೋಗಿ ನೋಡಿ ಬಂದವರು ಅವರು. 1874ರ ಶುಕ್ರಸಂಕ್ರಮಣದ ಹೊತ್ತಿಗೆ, ಜನಕ್ಕೆ ವಿಷಯ ತಿಳಿಯಲೆಂದು, ಸಂಭಾಷಣೆಯ ರೂಪದಲ್ಲಿ ಒಂದು ಪುಸ್ತಿಕೆ ಬರೆದು ದೇಶಭಾಷೆಗಳಲ್ಲಿ ಹೊರತಂದರು. ಅದು ಕನ್ನಡದಲ್ಲಿಯೂ ಬಂದಿತು. ಬೆಂಗಳೂರಿನ ಬಿ. ಎಸ್. ಶೈಲಜಾ ಅವರು ಈ ಮಹನೀಯರ ಕೆಲಸವನ್ನು ನಮ್ಮ ಕಾಲದಲ್ಲಿ ಮತ್ತೆ ಬೆಳಕಿಗೆ ತಂದಿದ್ದಾರೆ.

ಇನ್ನು ವ್ಯಾಜ್ಯದ ತೀರ್ಪು. ಪ್ರಭಾವಳಿ ನಮ್ಮ ಗಾಳಿಯ ಸೃಷ್ಟಿಯಾಗಿದ್ದರೆ ಬೇಕಲದ ಉಪ್ಪುಗಾಳಿಯಲ್ಲಿ ಒಂದು ರೂಪ, ದೊಡ್ಡಬೆಟ್ಟದ ತಿಳಿಗಾಳಿಯಲ್ಲಿ ಇನ್ನೊಂದು ರೂಪ ಕಾಣಬೇಕಿತ್ತು. ಎರಡೂ ಕಡೆಯ ಪಟಗಳನ್ನು ಇಟ್ಟು ಹೋಲಿಸಿದಾಗ ಕಿರಣಗಳ ಸಾಲು, ಅವುಗಳ ನಡುವಿನ ಬಿರುಕು, ಬಾಗು ಎಲ್ಲವೂ ಒಂದೇ ಆಗಿದ್ದವು. ಪ್ರಭಾವಳಿ ಸೂರ್ಯನದೇ ಎಂಬುದರಲ್ಲಿ ಇನ್ನು ಅನುಮಾನಕ್ಕೆ ಎಡೆಯುಳಿಯಲಿಲ್ಲ. ಕೈಬರಹದ ಚಿತ್ರಗಳಿಂದ ಇತ್ಯರ್ಥವಾಗದ ವ್ಯಾಜ್ಯವನ್ನು, ಒಂದು ಕಡಲ ಕೋಟೆಯಲ್ಲಿಯೂ ಒಂದು ಬೆಟ್ಟದ ನೆತ್ತಿಯಲ್ಲಿಯೂ ಅದ್ದಿ ತೆಗೆದ ಗಾಜುಗಳು ಮುಗಿಸಿದವು.

ಆದರೆ ಗ್ರಹಣಕ್ಕಾಗಿ ಎಷ್ಟು ಕಾಲ ಕಾಯುವುದು? ಮುಂದಿನ ಕಥೆಯೆಲ್ಲ ಬೇಡದ ಬೆಳಕನ್ನು ಹೊರಗಿಡುವ ಕಥೆ. ಹಸಿ ಕೊಲೋಡಿಯನ್‌ಗೆ ನೀಲಿ, ನೇರಳೆ ಬಣ್ಣ ಮಾತ್ರ ಕಾಣುತ್ತಿತ್ತು. ಕೆಂಪಿಗೆ ಅದು ಕುರುಡು. 1873ರಲ್ಲಿ ಜರ್ಮನಿಯ ಫೋಗೆಲ್ ಎಂಬವನು, ಕೆಲವು ಬಣ್ಣಗಳನ್ನು ಬೆರೆಸಿದರೆ ಫಲಕಕ್ಕೆ ಇತರ ಬೆಳಕೂ ಕಾಣುತ್ತದೆಂದು ತೋರಿಸಿದ. ಎಲ್ಲ ಬಣ್ಣವೂ ಕಾಣತೊಡಗಿದ ಮೇಲೆ ಬೇಕಾದ ಬಣ್ಣವನ್ನಷ್ಟೇ ಬಿಡುವ ಫಿಲ್ಟರಿಗೆ ಬೆಲೆ ಬಂದಿತು. ಕಪ್ಪುಬಿಳುಪಿನ ಕಾಲದ ಛಾಯಾಗ್ರಾಹಕರು ಹಳದಿ ಗಾಜು ಹಾಕಿ ಆಕಾಶವನ್ನು ಕಪ್ಪಾಗಿಸಿ ಬಿಳಿಯ ಮೋಡವನ್ನು ಎತ್ತಿ ತೋರಿಸುತ್ತಿದ್ದುದು ಇದೇ ಯುಕ್ತಿಯಿಂದ. 1904ರಿಂದ ಕೊಡೈಕನಾಲಿನ ವೀಕ್ಷಣಾಲಯದಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬಹುದು. ಅಲ್ಲಿಯ ಯಂತ್ರದಲ್ಲಿ ಎರಡು ಸೀಳುಕಿಂಡಿ. ಮೊದಲನೆಯದು ಸೂರ್ಯಬಿಂಬದ ಒಂದು ತೆಳು ಪಟ್ಟಿಯನ್ನು ಒಳಬಿಡುತ್ತದೆ. ಆ ಬೆಳಕು ಬಣ್ಣಗಳಾಗಿ ಹರಡಿದ ಮೇಲೆ, ಎರಡನೆಯದು ಕ್ಯಾಲ್ಸಿಯಂ ಧಾತುವಿನ ಒಂದೇ ಒಂದು ನೇರಳೆ ಗೆರೆಯನ್ನು ಆಯುತ್ತದೆ. ಹೀಗೆ ಪಟ್ಟಿಪಟ್ಟಿಯಾಗಿ ಇಡೀ ಸೂರ್ಯನ ಪಟ ತಯಾರಾಗುತ್ತದೆ. ನೂರು ವರ್ಷಕ್ಕೂ ಮೇಲ್ಪಟ್ಟ ಅವಧಿಯ ಅಲ್ಲಿನ ಪಟಗಳ ಭಂಡಾರ ಲೋಕದಲ್ಲೇ ಅಪರೂಪದ್ದು.

1930ರಲ್ಲಿ ಫ್ರಾನ್ಸಿನ ಬರ್ನಾರ್ ಲಿಯೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ದೂರದರ್ಶಕದೊಳಗೇ ಒಂದು ಬಿಲ್ಲೆ ಇಟ್ಟು ಕೃತಕ ಚಂದ್ರನನ್ನು ಮಾಡಿದ. ಎತ್ತರದ ಬೆಟ್ಟದ ಶುಭ್ರ ಗಾಳಿಯಲ್ಲಿ, ಗ್ರಹಣವಿಲ್ಲದೆಯೇ, ಪ್ರಭಾವಳಿಯ ಒಳಭಾಗವನ್ನು ಕಂಡ. 1966ರಲ್ಲಿ ಅಮೆರಿಕದ ನ್ಯೂಕರ್ಕ್, ಡೇವಿಸ್‌ನನ್ನು ಕಾಡಿದ್ದ ತೊಡಕಿಗೇ ಪರಿಹಾರ ಹುಡುಕಿದ. ನಡುವೆ ಗಾಢವಾಗಿ, ಅಂಚಿನತ್ತ ತಿಳಿಯಾಗುತ್ತ ಹೋಗುವ ಫಿಲ್ಟರೊಂದನ್ನು ಬಳಸಿ, ಒಳಹೊರಗಿನ ಕಾಂತಿಯನ್ನು ಒಂದೇ ಪಟದಲ್ಲಿ ಹಿಡಿದ.

1980ರ ಫೆಬ್ರವರಿ 16ರ ಗ್ರಹಣದಲ್ಲಿ ನೆರಳು ಕಾರವಾರದ ಕಡೆಯಿಂದ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಸಾಗಿತು. ಆ ವೇಳೆಗೆ ಕ್ಯಾಮೆರಾದ ಹಿಂದೆ ನಿಂತವರು ನಮ್ಮವರೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಣು ಬಾಪು ಮತ್ತು ಅವರ ಸಂಗಡಿಗರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಪ್ರಭಾವಳಿಯ ಕೆಂಪು ಗೆರೆಯನ್ನು ಹಿಡಿದು ಅಳೆದರು. ಅಂದು ಊರೂರುಗಳ ಬೀದಿಗಳು ಬರಿದಾಗಿದ್ದವು. ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ನಮ್ಮ ಕೊಪ್ಪ ಸೀಮೆಯ ಭಂಡಿಗಡಿ ನೆರಳಿನ ದಾರಿಯಿಂದ ದಕ್ಷಿಣಕ್ಕೆ ಉಳಿಯಿತು. ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ, ಅಂಗಳದಲ್ಲಿ ಸಗಣಿ ಕದಡಿದ ನೀರಿನ ಪಾತ್ರೆ. ಆ ಕಲಕು ನೀರಿನಲ್ಲಿ ಸೂರ್ಯನ ಮಂಕು ಪ್ರತಿಬಿಂಬವನ್ನು ಹಿರಿಯರು ತೋರಿಸಿದರು. ಅದೂ ಒಂದು ಫಿಲ್ಟರೇ. ಆದರೆ ಕಣ್ಣಿಗೆ ಅದು ಸಾಲದ ರಕ್ಷಣೆಯೆಂದು ಈಗ ಬಲ್ಲವರು ಎಚ್ಚರಿಸುತ್ತಾರೆ. ಅಡಿಕೆ ತೋಟದ ನೆಲದ ಮೇಲೆ, ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ಒಂದೊಂದು ಸಂದಿಯೂ ಒಂದೊಂದು ಸೂಜಿರಂಧ್ರದ ಕ್ಯಾಮೆರಾ. ಸೂರ್ಯನ ಬಹುಭಾಗ ಮುಚ್ಚಿದ್ದರೂ ಪ್ರಭಾವಳಿ ಮಾತ್ರ ನಮಗೆ ಕಾಣಲಿಲ್ಲ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲಿಯೂ ಕೊಡಗಿನಲ್ಲಿಯೂ ಬಂಗಾರದ ಬಳೆಯಂಥ ಕಂಕಣಗ್ರಹಣವನ್ನು ನೋಡಿದವರಿಗೂ ಅದು ಕಾಣಲಿಲ್ಲ. ಉಳಿದ ತೆಳು ಬಳೆಯ ಬೆಳಕೇ ಅದನ್ನು ಅಡಗಿಸಲು ಸಾಕು.

ಈಗ ಆ ಬಳೆಯನ್ನೂ ಮರೆಮಾಡುವ ಉಪಾಯ ನಮ್ಮ ಕೈಗೆ ಬಂದಿದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ-ಎಲ್1 ನೌಕೆ, 2024ರ ಜನವರಿ 6ರಂದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ದೂರದ ತನ್ನ ತಾಣ ಸೇರಿತು. ಅದರ ಮುಖ್ಯ ಉಪಕರಣ ಲಿಯೋ ತೋರಿಸಿದ ದಾರಿಯ ಪ್ರಭಾವಳಿದರ್ಶಕ. ಸಿದ್ಧಪಡಿಸಿದ್ದು ಬೆಂಗಳೂರಿನ ಅದೇ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ. ಜೊತೆಗಿರುವ ಪುಣೆಯವರ ದೂರದರ್ಶಕದಲ್ಲಿ ಹನ್ನೊಂದು ಫಿಲ್ಟರುಗಳಿವೆ. ಹೊಸಕೋಟೆಯ ಉಪಕರಣ ಆಯ್ದುಕೊಳ್ಳುವ ಗೆರೆಗಳಲ್ಲಿ ಒಂದು, 1869ರ ಗ್ರಹಣದಲ್ಲಿ ಮೊದಲು ಕಂಡ ಹಸಿರು ಗೆರೆ. ಭೂಮಿಯಲ್ಲಿಲ್ಲದ ಯಾವುದೋ ಧಾತು ಎಂದು ಎಪ್ಪತ್ತು ವರ್ಷ ಜನ ಅದನ್ನು ನಂಬಿದ್ದರು. ಅದು ನಮ್ಮ ಕತ್ತಿ ಕುಡುಗೋಲುಗಳ ಕಬ್ಬಿಣವೇ, ಹತ್ತು ಲಕ್ಷ ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಹಾಗೆ ಹೊಳೆಯುತ್ತಿದೆ ಎಂದು ತಿಳಿದದ್ದು 1940ರ ಸುಮಾರಿಗೆ. ಸೂರ್ಯನ ಮೈಗಿಂತ ಅದರ ಪ್ರಭಾವಳಿ ಅಷ್ಟು ಬಿಸಿ ಏಕೆ ಎಂಬ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಬೇಕಲಕ್ಕೆ ಹೋಗುವ ನಮ್ಮವರು ಕಡಲನ್ನು ನೋಡಿ, ಬುರುಜಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ತೆಗೆಸಿಕೊಳ್ಳಲಿ. ಆ ಕೋಟೆಯಲ್ಲಿ ಒಮ್ಮೆ ಸೂರ್ಯನೂ ತೆಗೆಸಿಕೊಂಡಿದ್ದ ಎಂಬುದನ್ನು ಜೊತೆಗೆ ಬಂದ ಮಕ್ಕಳಿಗೆ ಹೇಳಿದರೆ ಒಳ್ಳೆಯದು. ಪ್ರಭಾವಳಿ ಯಾರದೆಂದು ಅಲ್ಲಿ ತಿಳಿಯಿತು. ಅಷ್ಟು ಬಿಸಿ ಏಕೆಂಬುದನ್ನು ಆ ಮಕ್ಕಳಲ್ಲೇ ಯಾರಾದರೂ ಕಂಡುಹಿಡಿಯಬಾರದೇಕೆ?