ನಿಜಾಮರ ಖಜಾನೆಯ ಲಾಲ್ ಹರಳು

ಹೈದರಾಬಾದಿನ ನಿಜಾಮರ 173 ಆಭರಣಗಳನ್ನು ಭಾರತ ಸರ್ಕಾರ 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಹೆಚ್ಚು ಸುದ್ದಿಯಾದದ್ದು 184.75 ಕ್ಯಾರೆಟ್ಟಿನ ಜೇಕಬ್ ವಜ್ರ. ಆದರೆ ಅದೇ ಸಂಗ್ರಹದಲ್ಲಿ ಕೊಲಂಬಿಯಾದ ಪಚ್ಚೆ, ಬಸ್ರಾ ಮುತ್ತುಗಳ ಜೊತೆಗೆ ಸ್ಪಿನೆಲ್‌ಗಳೂ ಇವೆ. ಮಾಣಿಕ್ಯವೆಂದೇ ಎಷ್ಟೋ ಜನ ತಿಳಿಯುವ ಈ ಕೆಂಪು ಹರಳಿಗೆ ಅದರದೇ ಆದ ಘನತೆಯಿದೆ.

ಗೋಲ್ಕೊಂಡ ರಾಜ್ಯಕ್ಕೆ ವಜ್ರ ತನ್ನ ನೆಲದಲ್ಲೇ ಸಿಗುತ್ತಿತ್ತು; ಸ್ಪಿನೆಲ್ ಮಾತ್ರ ದೂರದ ಬದಖ್ಶಾನದಿಂದ ಬರಬೇಕಿತ್ತು. ಅದರ ಪ್ರಸಿದ್ಧ ಗಣಿ ಕೂಹ್-ಇ-ಲಾಲ್ ಈಗ ತಜಿಕಿಸ್ತಾನದಲ್ಲಿದೆ. ಪರ್ಷಿಯನ್ ಬಲ್ಲ ಆಸ್ಥಾನಗಳಲ್ಲಿ ಮಾಣಿಕ್ಯ ಯಾಕೂತ್, ಸ್ಪಿನೆಲ್ ಲಾಲ್. 11ನೇ ಶತಮಾನದ ವಿದ್ವಾಂಸ ಅಲ್ ಬಿರೂನಿಯೂ ಇವೆರಡನ್ನು ಬೇರೆಬೇರೆಯಾಗಿಯೇ ವಿವರಿಸಿದ್ದಾನೆ. ಬಲ್ಲವರು ಮಾಣಿಕ್ಯವೆಂದು ಮೋಸಹೋಗಿ ಲಾಲ್ ಧರಿಸಲಿಲ್ಲ, ಬಯಸಿಯೇ ಧರಿಸಿದರು.

ಮೊಗಲರು ಲಾಲ್‌ಗೆ ಮುಖ ಕತ್ತರಿಸುತ್ತಿರಲಿಲ್ಲ. ತೂಕ ಉಳಿಯಲೆಂದು ಗಣಿಯಿಂದ ಬಂದ ಆಕಾರದಲ್ಲೇ ನಯಗೊಳಿಸಿ, ತೂತು ಕೊರೆದು, ಮುತ್ತಿನ ನಡುವೆ ಪೋಣಿಸುತ್ತಿದ್ದರು. ಮೇಲೆ ದೊರೆಯ ಹೆಸರು ಕೆತ್ತಿಸುತ್ತಿದ್ದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಕ್ಯಾರ್ಯೂ ಸ್ಪಿನೆಲ್ ಮೇಲೆ ಜಹಾಂಗೀರ್, ಶಹಜಹಾನ್, ಔರಂಗಜೇಬ್ ಮೂವರ ಹೆಸರೂ ಇದೆ: ಒಂದೇ ಹರಳು, ಮೂರು ತಲೆಮಾರು. ಔರಂಗಜೇಬ್ 1687ರಲ್ಲಿ ಗೋಲ್ಕೊಂಡವನ್ನು ಗೆದ್ದ. ಮೊಗಲರ ಸುಬೇದಾರನಾಗಿದ್ದ, ಮೊದಲ ನಿಜಾಮನೆನಿಸಿದ ಒಂದನೇ ಆಸಫ್ ಜಾ 1724ರಲ್ಲಿ ದಖ್ಖನಿನಲ್ಲಿ ಸ್ವತಂತ್ರವಾಗಿ ನೆಲೆಯೂರಿದ. ದಿಲ್ಲಿ ದರ್ಬಾರಿನ ರತ್ನಾಭಿರುಚಿ ಹೀಗೆ ಹೈದರಾಬಾದಿನಲ್ಲೂ ಮುಂದುವರಿಯಿತು.

ಯುರೋಪಿನಲ್ಲಿ ಆದದ್ದೇ ಬೇರೆ. ಅಲ್ಲಿ ಎರಡಕ್ಕೂ ರೂಬಿ ಎಂಬ ಹೆಸರೇ ನಡೆಯುತ್ತಿತ್ತು. 1783ರಲ್ಲಿ ಫ್ರಾನ್ಸಿನ ಖನಿಜತಜ್ಞ ರೋಮೆ ದ ಲೀಲ್ ಇವು ಬೇರೆ ಖನಿಜಗಳೆಂದು ತೋರಿಸಿದ. ಬ್ರಿಟಿಷ್ ಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’, 1851ರಲ್ಲಿ ವಿಕ್ಟೋರಿಯಾ ರಾಣಿಯ ಕೈಸೇರಿದ ‘ತೈಮೂರ್ ರೂಬಿ’ ಎರಡೂ ಸ್ಪಿನೆಲ್‌ಗಳೇ. ಕೆಂಪು ಬಣ್ಣ ಎರಡು ಖನಿಜಗಳಿಗೂ ಕ್ರೋಮಿಯಮ್ಮಿನದು. ಆದರೆ ಮಾಣಿಕ್ಯ ಅಲ್ಯುಮಿನಿಯಂ ಆಕ್ಸೈಡ್, ಗಡಸುತನ 9. ಸ್ಪಿನೆಲ್‌ನಲ್ಲಿ ಮೆಗ್ನೀಸಿಯಮ್ಮೂ ಸೇರಿದೆ, ಗಡಸುತನ 8. ಹರಳಿನ ಬಣ್ಣಛಾಯೆಗಳನ್ನು ಬೇರ್ಪಡಿಸಿ ತೋರಿಸುವ ಡೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾಣಿಕ್ಯ ಎರಡು ಛಾಯೆ ತೋರುತ್ತದೆ, ಸ್ಪಿನೆಲ್ ಒಂದೇ.

20ನೇ ಶತಮಾನದಲ್ಲಿ ಕಾರ್ಖಾನೆಯ ಕೃತಕ ಸ್ಪಿನೆಲ್ ಅಗ್ಗದ ಉಂಗುರಗಳಿಗೆಲ್ಲ ಬಂದು ಅಸಲಿಯ ಹೆಸರನ್ನೂ ಕೆಡಿಸಿತು. 2007ರಲ್ಲಿ ತಾಂಜಾನಿಯಾದ ಮಹೇಂಗೆಯಲ್ಲಿ ದೊಡ್ಡ ಹರಳುಗಳು ಸಿಕ್ಕ ಮೇಲೆ ಗಮನ ಮರಳಿತು. 2016ರಲ್ಲಿ ಅಮೆರಿಕದ ಆಭರಣ ಸಂಘಟನೆಗಳು ಇದನ್ನು ಆಗಸ್ಟ್ ತಿಂಗಳ ರತ್ನಗಳ ಸಾಲಿಗೆ ಸೇರಿಸಿದವು. ನವರತ್ನದಲ್ಲಿ ಮಾತ್ರ ಇದಕ್ಕೆ ಸ್ಥಾನವಿಲ್ಲ. ಸೂರ್ಯನಿಗೆ ಮಾಣಿಕ್ಯ ಕೊಳ್ಳಲಾಗದವರು ಧರಿಸುವ ಉಪರತ್ನವೆಂದೇ ಎಣಿಕೆ.

ಬಿಡಿ ಸ್ಪಿನೆಲ್ ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೃದು ಬ್ರಷ್ ಸಾಕು. ಅರಗು ತುಂಬಿದ ಕುಂದಣದ ಒಡವೆಯನ್ನು ನೀರಲ್ಲಿ ನೆನೆಸಬಾರದು. ಮುತ್ತಿನ ಜೊತೆ ಪೋಣಿಸಿದ್ದರೆ ಸೆಂಟು ತಾಗಿಸಬಾರದು, ದಾರ ಸವೆದಾಗ ಮತ್ತೆ ಪೋಣಿಸಬೇಕು. ವಜ್ರದೊಂದಿಗೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಬೀಳುತ್ತದೆ. ಮನೆತನದ ಹಳೆಯ ಹಾರದಲ್ಲಿ ತೂತುಳ್ಳ ಲಾಲ್ ಇದ್ದರೆ, ಹೊಸ ಉಂಗುರಕ್ಕೆಂದು ಸಾಣೆ ಹಿಡಿಸುವ ಮುನ್ನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಮೇಲೆ ಅಕ್ಷರಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು.