ದಾರಿ ತೆರೆದ ರಾಣೆ

ಓಂ ಬೀಚಿಗೆ ಬಂದವರೆಲ್ಲ ಮೊದಲು ನೋಡುವುದು ಅದರ ಆಕಾರವನ್ನು. ಎರಡು ಅರ್ಧಚಂದ್ರಗಳಂತೆ ಬಾಗಿದ ಮರಳ ದಂಡೆ, ನಡುವೆ ಕಡಲಿಗೆ ಚಾಚಿದ ಬಂಡೆಗಳು. ಗುಡ್ಡದ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಗೋಕರ್ಣದಲ್ಲಿ ಮಹಾಬಲೇಶ್ವರನಿಗೆ ಕೈಮುಗಿದು ಹೊರಟುಬಿಡುತ್ತಾರೆ. ಇದೇ ಕಡಲಂಚು ಹಿಡಿದು ಉತ್ತರಕ್ಕೆ, ಗಂಗಾವಳಿ ದಾಟಿ, ಅಂಕೋಲೆ ಕಳೆದು ಹೋದರೆ ಕಾರವಾರಕ್ಕಿಂತ ಸ್ವಲ್ಪ ಮೊದಲು ಚೆಂಡಿಯಾ ಎಂಬ ಊರು ಸಿಗುತ್ತದೆ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆಯವರ ಮನೆತನದ ಊರು ಅದು.

ಒಂದು ವರ್ಷ ಶಾಲೆಯ ಮಕ್ಕಳನ್ನು ಓಂ ಬೀಚಿಗೆ ಕರೆದುಕೊಂಡು ಹೋಗಿದ್ದಾಗ, ಏಳನೆಯ ತರಗತಿಯ ಹುಡುಗಿಯೊಬ್ಬಳು ನೀರಿಗಿಳಿಯದೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವಳ ಅಪ್ಪ ಆಗ ಕಾಶ್ಮೀರದ ಗಡಿಯಲ್ಲಿದ್ದರು. ಇದ್ದಕ್ಕಿದ್ದಂತೆ ಕೇಳಿದಳು: "ಅಕ್ಕೋರೇ, ಪರಮವೀರ ಚಕ್ರ ಸತ್ತವರಿಗೇ ಕೊಡೂದಾ?"

ಪರೀಕ್ಷೆಗಾಗಿ ಕೇಳಿದ ಪ್ರಶ್ನೆ ಅದಲ್ಲವೆಂದು ನನಗೆ ಗೊತ್ತಿತ್ತು. ಈವರೆಗೆ ಈ ಪದಕ ಪಡೆದ 21 ವೀರರಲ್ಲಿ 14 ಮಂದಿಗೆ ಅದು ಬಂದದ್ದು ಮರಣೋತ್ತರವಾಗಿಯೇ. ಆದರೆ ಉಳಿದ ಏಳು ಮಂದಿ ಅದನ್ನು ತಾವೇ ಎದೆಯ ಮೇಲೆ ಧರಿಸಿದರು. ಅವರಲ್ಲೊಬ್ಬರು ನಮ್ಮ ಜಿಲ್ಲೆಯವರೇ ಎಂದು ಹೇಳಿ ರಾಣೆಯವರ ಕಥೆ ಶುರುಮಾಡಿದೆ.

ರಾಣೆಯವರು ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ಪೋಲೀಸ್ ಕಾನ್‌ಸ್ಟೇಬಲ್. ತಂದೆಗೆ ವರ್ಗವಾದಂತೆ ಮಗನ ಶಾಲೆಯೂ ಬದಲಾಗುತ್ತಿತ್ತು. 1930ರಲ್ಲಿ ದೇಶವೆಲ್ಲ ಸತ್ಯಾಗ್ರಹದಲ್ಲಿ ಮುಳುಗಿದ್ದಾಗ ಹನ್ನೆರಡರ ಈ ಹುಡುಗನೂ ಚಳವಳಿಯತ್ತ ಸೆಳೆಯಲ್ಪಟ್ಟ. ಅಪ್ಪ ಸರ್ಕಾರದ ಪೋಲೀಸು, ಮಗ ಚಳವಳಿಯ ಹುರುಪಿನಲ್ಲಿ! ಗಾಬರಿಯಾದ ತಂದೆ ಸಂಸಾರವನ್ನು ಚೆಂಡಿಯಾಕ್ಕೆ ತಂದಿಟ್ಟರು. ಮಕ್ಕಳನ್ನು ಹೆತ್ತ ಯಾರಿಗೆ ತಾನೇ ಆ ಗಾಬರಿ ಅರ್ಥವಾಗದು?

1940ರಲ್ಲಿ ರಾಣೆಯವರು ಬಾಂಬೆ ಎಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಬರ್ಮಾದ ಯುದ್ಧ ಕಂಡರು. ಒಂದೊಂದೇ ಮೆಟ್ಟಿಲು ಹತ್ತಿ, ದೇಶ ಸ್ವತಂತ್ರವಾಗುವ ಹೊತ್ತಿಗೆ ಅಧಿಕಾರಿಯ ಹುದ್ದೆಯ ಹತ್ತಿರ ಬಂದಿದ್ದರು.

1948ರ ಏಪ್ರಿಲ್. ಕಾಶ್ಮೀರದಲ್ಲಿ ರಜೌರಿ ಪಟ್ಟಣ ದಾಳಿಕಾರರ ಕೈಯಲ್ಲಿತ್ತು. ನೌಶೇರಾದಿಂದ ಅಲ್ಲಿಗೆ ಹೋಗುವ ಹಾದಿಯ ತುಂಬ ಕಡಿದುರುಳಿಸಿದ ಮರಗಳು, ಮಣ್ಣಿನಡಿ ಹುಗಿದ ಮೈನುಗಳು. ದಾರಿ ಬಿಡಿಸದೆ ಟ್ಯಾಂಕುಗಳು ಮುಂದೆ ಹೋಗುವಂತಿರಲಿಲ್ಲ. ಆ ಕೆಲಸ ಸೆಕೆಂಡ್ ಲೆಫ್ಟಿನೆಂಟ್ ರಾಣೆಯವರ ತಂಡದ್ದು. 8ನೆಯ ತಾರೀಖು ಕೆಲಸಕ್ಕೆ ಕೈಹಚ್ಚುತ್ತಿದ್ದಂತೆ ಮೋರ್ಟಾರ್ ಗುಂಡುಗಳು ಬಿದ್ದು ಇಬ್ಬರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಆದರೂ ಹಿಂದೆ ಸರಿಯಲಿಲ್ಲ. ಮರುದಿನ ಹನ್ನೆರಡು ತಾಸು, 11ರಂದು ಬೆಳಗಿನ ಆರರಿಂದ ರಾತ್ರಿ ಹನ್ನೊಂದರವರೆಗೆ, ಗುಂಡಿನ ಸುರಿಮಳೆಯಲ್ಲಿ ಮೈನು ಕೀಳುತ್ತ, ಮರ ಸರಿಸುತ್ತ, ರಸ್ತೆ ಕೆಟ್ಟಲ್ಲಿ ಬಳಸುದಾರಿ ಮಾಡುತ್ತ ಚಿಂಗಸ್‌ವರೆಗೆ ದಾರಿ ತೆರೆದರು. 12ರಂದು ಸೈನ್ಯ ರಜೌರಿ ಸೇರಿತು. ಅಲ್ಲಿ ಅಷ್ಟರಲ್ಲೇ ಎಷ್ಟೋ ಕೊಲೆಗಳಾಗಿದ್ದವು. ಸುತ್ತಲ ಗುಡ್ಡಗಳಲ್ಲಿ ಅಡಗಿದ್ದ ಹೆಂಗಸರು, ಮಕ್ಕಳು ಆಮೇಲೆ ಕೆಳಗಿಳಿದು ಬಂದರು.

ನನಗೆ ಈ ಶೌರ್ಯದಲ್ಲಿ ಕಾಣುವ ವಿಶೇಷವೇ ಇದು. ಇಲ್ಲಿ ಕತ್ತಿ ಝಳಪಿಸುವುದಿಲ್ಲ. ನೆಲಕ್ಕೆ ಕಣ್ಣು ನೆಟ್ಟು, ಅಂಗುಲ ಅಂಗುಲವಾಗಿ, ಹಿಂದೆ ಬರುವವರ ಕಾಲಿಗೆ ಅಪಾಯವಾಗದಂತೆ ಮಾಡುವ ತಾಳ್ಮೆಯ ದುಡಿಮೆ. ಮನೆವಾರ್ತೆ ನಡೆಸುವ ನಮಗೆ ಅಂಥ ತಾಳ್ಮೆಯ ಪರಿಚಯ ಸ್ವಲ್ಪವಾದರೂ ಇದೆ. ಅವರದಕ್ಕೆ ಮಾತ್ರ ಪ್ರಾಣವೇ ಪಣ.

1950ರಲ್ಲಿ ಅವರಿಗೆ ಪದಕ ಘೋಷಣೆಯಾಯಿತು. ಆ ಪದಕದ ವಿನ್ಯಾಸ ಮಾಡಿದವರು ಸಾವಿತ್ರಿಬಾಯಿ ಖಾನೋಲ್ಕರ್ ಎಂಬ ಹೆಣ್ಣುಮಗಳು. ಯೂರೋಪಿನಲ್ಲಿ ಹುಟ್ಟಿ, ಭಾರತದ ಸೇನಾಧಿಕಾರಿಯನ್ನು ಮದುವೆಯಾಗಿ ಈ ನೆಲದವರೇ ಆದವರು. ದಧೀಚಿ ಋಷಿ ತನ್ನ ಎಲುಬನ್ನೇ ಕೊಟ್ಟು ಮಾಡಿಸಿದ ವಜ್ರಾಯುಧವನ್ನು ಆ ಕಂಚಿನ ಬಿಲ್ಲೆಯ ಮೇಲೆ ಮೂಡಿಸಿದರು. ಸೈನಿಕನ ಹೆಂಡತಿಯಾಗಿದ್ದ ಅವರಿಗೆ ತ್ಯಾಗವೆಂದರೇನು ಎಂದು ಪುರಾಣ ಓದಿಯೇ ತಿಳಿಯಬೇಕಾಗಿರಲಿಲ್ಲ.

ರಜೌರಿಯ ದಾರಿ ತೆರೆದ ಮೇಲೆ ರಾಣೆಯವರು 46 ವರ್ಷ ಬದುಕಿದರು. 1955ರಲ್ಲಿ ಮದುವೆಯಾದರು, ಮಕ್ಕಳಾದವು. ಮತ್ತೆ ಹಲವು ವರ್ಷ ಸೈನ್ಯದಲ್ಲೇ ದುಡಿದು ಮೇಜರ್ ಆದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 76 ವರ್ಷ. ವೀರನೆಂದರೆ ಫೋಟೋಕ್ಕೆ ಹಾರ ಹಾಕಿಸಿಕೊಂಡವನು ಮಾತ್ರ ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಮನೆಗೆ ಮರಳಿ, ಗಂಡನಾಗಿ, ತಂದೆಯಾಗಿ, ಮುಪ್ಪನ್ನೂ ಕಂಡ ಮನುಷ್ಯ ಅಷ್ಟೇ ದೊಡ್ಡ ವೀರ. ಸೈನಿಕನ ಮನೆಯಲ್ಲಿ ಕಾಗದಕ್ಕೆ, ಫೋನಿಗೆ ಕಾಯುವ ಹೆಂಗಸರಿಗೂ ಮಕ್ಕಳಿಗೂ ಈ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಕಾರವಾರದ ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ 2006ರಲ್ಲಿ ರಾಣೆಯವರ ಪ್ರತಿಮೆ ನಿಲ್ಲಿಸಿದರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಟ್ಟರು. ದ್ವೀಪ ನೋಡಲು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯವೋ! ಆದರೆ ಓಂ ಬೀಚಿಗೆ ಬಂದವರಿಗೆ ಕಾರವಾರ ದೂರವೇನಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ, ಪ್ರತಿಮೆಯ ಮುಂದೆ ನಿಲ್ಲಿಸಿ, ಆ ನಾಲ್ಕು ದಿನಗಳ ಕಥೆ ಹೇಳಿ. ಜೊತೆಗೆ, ಆಮೇಲಿನ 46 ವರ್ಷಗಳದ್ದನ್ನೂ ಹೇಳುವುದನ್ನು ಮರೆಯಬೇಡಿ.