ಕೊರಳು ನೋಡಿ ಹಾಡು: ಸ್ವರಲಿಪಿ ಆಯ್ಕೆಯ ಐದು ಶತಮಾನ

ಕ್ರಿಸ್‌ಮಸ್‌ಗೆ ಇನ್ನೆರಡು ತಿಂಗಳಿದೆ ಎನ್ನುವಾಗ ಮಂಗಳೂರಿನದೋ ಬೆಂಗಳೂರಿನದೋ ಒಂದು ಚರ್ಚ್ ಕ್ವಾಯರಿನ ಮುಖ್ಯಸ್ಥರು ಹಾಡು ಆರಿಸಲು ಕೂರುತ್ತಾರೆ ಎನ್ನೋಣ. ಸೊಪ್ರಾನೊ ಹನ್ನೊಂದು ಮಂದಿ, ಆಲ್ಟೊ ಆರು, ಬಾಸ್ ನಾಲ್ಕು, ಟೆನರ್ ಇಬ್ಬರು. ಆ ಇಬ್ಬರಲ್ಲಿ ಒಬ್ಬರಿಗೆ ವಾರ ಬಿಟ್ಟು ವಾರ ರಾತ್ರಿ ಪಾಳಿ. ಮುಂದೆ ಹರಡಿರುವ ಹಾಳೆಗಳಲ್ಲಿ ಕೆಟ್ಟ ಹಾಡು ಒಂದೂ ಇಲ್ಲ. ಆದರೂ ಹತ್ತರಲ್ಲಿ ಒಂಬತ್ತನ್ನು ಅವರು ಪಕ್ಕಕ್ಕಿಡಬೇಕಾಗುತ್ತದೆ. ಆ ಒಂದನ್ನು ಕಂಡುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಯುರೋಪಿನ ಸಂಗೀತ ಮುದ್ರಣದಷ್ಟೇ ವಯಸ್ಸು. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ. ಹೊಸಬರಿಗೆಂದು ಬರೆದ ಸಂಗೀತದಲ್ಲಿ ಇವತ್ತಿಗೂ ಜೀವ ಇರುವುದು ಯಾವುದಕ್ಕೆ ಎಂದರೆ, ಎದುರಿಗಿದ್ದ ಇಂಥ ಮಗುವಿಗೆ, ಇಂಥ ಶಾಲೆಗೆ, ಇಂಥ ಊರಿಗೆ ಎಂದು ಬರೆದದ್ದಕ್ಕೆ.

ವೆನಿಸ್‌ನಲ್ಲಿ ಒತ್ತಾವಿಯಾನೊ ಪೆಟ್ರುಚ್ಚಿ 1501ರಲ್ಲಿ ಬಹುದನಿಯ ಹಾಡುಗಳ ಮೊದಲ ಅಚ್ಚಿನ ಸಂಕಲನ ತಂದ. ಗೆರೆಗಳಿಗೆ ಒಮ್ಮೆ, ಸ್ವರಗಳಿಗೆ ಒಮ್ಮೆ, ಅಕ್ಷರಕ್ಕೆ ಒಮ್ಮೆ ಹಾಳೆಯನ್ನು ಬೇರೆ ಬೇರೆಯಾಗಿ ಅಚ್ಚಿಗೆ ಕೊಡುತ್ತಿದ್ದ. ನೋಡಲು ಬಲು ಸೊಗಸು, ಬೆಲೆಯೂ ಹಾಗೆಯೇ. ಪ್ಯಾರಿಸ್‌ನ ಪಿಯೇರ್ ಅತ್ತೆಂಞಾಂ 1520ರ ದಶಕದ ಕೊನೆಗೆ ಗೆರೆ, ಸ್ವರ ಎರಡನ್ನೂ ಒಂದೇ ಅಚ್ಚುಮೊಳೆಯಲ್ಲಿ ಕೂಡಿಸಿ ಕೆಲಸವನ್ನು ಅಗ್ಗವಾಗಿಸಿದ. ಆ ಕಾಲದಲ್ಲಿ ಪ್ರತಿ ದನಿಗೂ ಪ್ರತ್ಯೇಕ ಪುಸ್ತಕ. ಆಲ್ಟೊ ಹಾಡುವವಳ ಕೈಯಲ್ಲಿ ಆಲ್ಟೊ ಮಾತ್ರ. ಪಕ್ಕದವಳು ಏನು ಹಾಡುತ್ತಾಳೆ ಎಂಬುದು ಕಿವಿಗೆ ಬಿದ್ದಾಗಲೇ ಗೊತ್ತು. 1597ರಲ್ಲಿ ಇಂಗ್ಲೆಂಡಿನ ಜಾನ್ ಡೌಲೆಂಡ್ ತನ್ನ ಮೊದಲ ಗೀತಸಂಪುಟವನ್ನು ಅಚ್ಚು ಹಾಕಿಸಿದಾಗ, ಒಂದೇ ತೆರೆದ ಪುಟದಲ್ಲಿ ದನಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಕೂರಿಸಲಾಗಿತ್ತು. ಪುಸ್ತಕವನ್ನು ಮೇಜಿನ ನಡುವೆ ಬಿಚ್ಚಿಟ್ಟರೆ ಸುತ್ತ ಕೂತವರಿಗೆಲ್ಲ ಅವರವರ ಸಾಲು ನೇರವಾಗಿ ಕಾಣುತ್ತದೆ. ಹಾಡುವವರು ಎಲ್ಲಿ ಕೂತಿರುತ್ತಾರೆ ಎಂದು ಯೋಚಿಸಿ ಪುಟ ಕಟ್ಟಿದ ಆ ಅಚ್ಚುಮನೆಯವರ ಬಗ್ಗೆ ನನಗೆ ದೊಡ್ಡ ಗೌರವ.

ಕಲಿಯುವವರಿಗೆಂದೇ ಬರೆಯುವ ಕೆಲಸಕ್ಕೆ ಬಾಖ್‌ನ ಮನೆ ಒಳ್ಳೆಯ ನಿದರ್ಶನ. 1720ರಲ್ಲಿ, ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಒಂಬತ್ತು ವರ್ಷವಾಗಿದ್ದಾಗ, ಅವನ ಹೆಸರಿನಲ್ಲೇ ಒಂದು ಪುಟ್ಟ ಪುಸ್ತಕ ಶುರುಮಾಡಿದ. ಮೊದಲು ಸ್ವರಚಿಹ್ನೆಗಳ ಪರಿಚಯ, ಆಮೇಲೆ ಯಾವ ಸ್ವರಕ್ಕೆ ಯಾವ ಬೆರಳು ಎಂದು ಅಂಕಿ ಹಾಕಿದ ಸಣ್ಣ ತುಣುಕು. ಪುಟ ತಿರುವಿದಂತೆ ಮುಂದೆ ‘ಇನ್ವೆನ್ಷನ್’ಗಳಾಗಿ ಹೆಸರಾದ ಎರಡು ದನಿಯ ರಚನೆಗಳು ಬರುತ್ತವೆ. ಹೆಂಡತಿ ಅನ್ನಾ ಮಗ್ದಲೇನಾಳ 1725ರ ಪುಸ್ತಕದಲ್ಲಿ ಬೇರೆಯವರ ರಚನೆಗಳೂ ಇವೆ. ಲೋಕದ ಪಿಯಾನೊ ಮಕ್ಕಳೆಲ್ಲ ಬಾಖ್‌ನದೆಂದು ನುಡಿಸಿಕೊಂಡು ಬಂದ ಜಿ ಮೇಜರ್ ಮಿನುಯೆಟ್ ನಿಜಕ್ಕೂ ಡ್ರೆಸ್ಡೆನ್‌ನ ಕ್ರಿಸ್ಟಿಯಾನ್ ಪೆಟ್ಸೋಲ್ಡ್‌ನದು. ಬಾಖ್‌ನಂಥವನ ಮನೆಯಲ್ಲೂ ಯಾರು ಬರೆದರು ಎನ್ನುವುದಕ್ಕಿಂತ ಮನೆಯವರ ಕೈಗೆ ಹೊಂದುತ್ತದೆಯೇ ಎನ್ನುವುದೇ ಆಯ್ಕೆಯ ಅಳತೆಯಾಗಿತ್ತೆಂದು ಇದರಿಂದ ಊಹಿಸಬಹುದು. ಶೂಮನ್ 1848ರಲ್ಲಿ ‘ಮಕ್ಕಳ ಆಲ್ಬಮ್’ ಬರೆಯಲು ಹೊರಟದ್ದೂ ಮಗಳು ಮರೀಯ ಏಳನೆಯ ಹುಟ್ಟುಹಬ್ಬಕ್ಕೆಂದು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಚಿತ್ರ ಪೂರಾ ಬದಲಾಗುತ್ತದೆ. ಕಾರ್ಖಾನೆ ಊರುಗಳಲ್ಲಿ ಸಾವಿರಾರು ಜನ ಸಂಜೆ ಕೂಡಿ ಹಾಡತೊಡಗಿದರು. ಲಂಡನ್ನಿನ ನೊವೆಲ್ಲೊ ಸಂಸ್ಥೆ 1840ರ ದಶಕದಲ್ಲಿ ‘ಮೆಸಾಯ’ದಂಥ ದೊಡ್ಡ ಕೃತಿಗಳನ್ನು ಕೈಯಲ್ಲಿ ಹಿಡಿಯುವ ಅಳತೆಯ ಅಗ್ಗದ ಕಂತುಗಳಲ್ಲಿ ಮಾರಿತು. 1844ರಲ್ಲಿ ಅದು ಹೊರಡಿಸಿದ ‘ದಿ ಮ್ಯೂಸಿಕಲ್ ಟೈಮ್ಸ್’ ಮಾಸಪತ್ರಿಕೆಯ ಜೊತೆಗೆ ಹಾಡಲು ಸಿದ್ಧವಾದ ಒಂದು ಸ್ವರಲಿಪಿಯೂ ಬರುತ್ತಿತ್ತು. ಈಗ ಎಲ್ಲ ದನಿಗಳೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು. ಆಲ್ಟೊ ಸಾಲಿನವಳು ಸೊಪ್ರಾನೊ ಸಾಲನ್ನು ಕಣ್ಣಂಚಿನಲ್ಲಿ ನೋಡಿಕೊಂಡು ತನ್ನ ಸ್ವರ ಹಿಡಿಯಬಹುದು.

ಕೈಗೆ ಪುಸ್ತಕ ಬಂದರೂ ಓದಲು ಬರಬೇಕಲ್ಲ. 1841ರಲ್ಲಿ ಹಲ್ ಪಟ್ಟಣದ ಭಾನುವಾರದ ಶಾಲೆಗಳ ಶಿಕ್ಷಕರು ಸೇರಿದ್ದ ಸಭೆಯಲ್ಲಿ, ಹಾಡು ಕಲಿಸುವ ಸುಲಭ ದಾರಿ ಹುಡುಕಿಕೊಡಿ ಎಂದು ಜಾನ್ ಕರ್ವೆನ್ ಎಂಬ ಪಾದ್ರಿಯನ್ನು ಕೇಳಿಕೊಂಡರು. ನಾರಿಚ್‌ನ ಶಿಕ್ಷಕಿ ಸಾರಾ ಗ್ಲೋವರ್ ರೂಪಿಸಿದ್ದ ಪದ್ಧತಿಯನ್ನು ತಿದ್ದಿ ತೀಡಿ ಅವನು ಬೆಳೆಸಿದ್ದೇ ‘ಟಾನಿಕ್ ಸೋಲ್‌ಫಾ’. ಐದು ಗೆರೆ ಬೇಡ, ಡೊ ರೆ ಮಿ ಅಕ್ಷರ ಸಾಕು. ಶ್ರುತಿ ಎಲ್ಲಿಗೆ ಇಟ್ಟರೂ ಡೊ ಡೊ ಆಗಿಯೇ ಇರುತ್ತದೆ. ಸರಿಗಮದಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಪ್ಪು ಚುಕ್ಕೆಗಳನ್ನು ಕಂಡು ಹೆದರುತ್ತಿದ್ದ ಗಣಿ ಕೆಲಸಗಾರರು, ನೇಕಾರರು ನಾಲ್ಕು ದನಿಯ ಹಾಡುಗಳನ್ನು ಓದಿ ಹಾಡಿದರು. ಮಿಷನರಿಗಳ ಜೊತೆ ಆ ಲಿಪಿ ಹಡಗು ಹತ್ತಿತು. ಎನೋಕ್ ಸೊಂಟೊಂಗ 1897ರಲ್ಲಿ ರಚಿಸಿದ, ಇಂದು ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆಯ ಭಾಗವಾಗಿರುವ ಹಾಡು ಮೊದಲು ಇಳಿದದ್ದು ಸೋಲ್‌ಫಾದಲ್ಲೇ. ಮಿಜೋರಾಮಿನ ಚರ್ಚುಗಳ ಹಾಡಿನ ಪುಸ್ತಕಗಳಲ್ಲಿ ಅದು ಈಗಲೂ ಜೀವಂತ. ಆ ಬೆಟ್ಟದ ನಾಡಿನ ನಾಲ್ಕು ದನಿಯ ಗಾಯನದ ಹಿಂದೆ ಈ ಲಿಪಿಯ ಉಪಕಾರ ದೊಡ್ಡದು. ಅಮೆರಿಕದವರು ಬೇರೆಯೇ ದಾರಿ ಹಿಡಿದಿದ್ದರು: ಸ್ವರದ ತಲೆಗೇ ಆಕಾರ ಕೊಟ್ಟರು. ತ್ರಿಕೋನವಿದ್ದರೆ ಫಾ, ದುಂಡಗಿದ್ದರೆ ಸೋಲ್, ಚೌಕವಿದ್ದರೆ ಲಾ, ವಜ್ರದಾಕೃತಿ ಇದ್ದರೆ ಮಿ. 1844ರ ‘ಸೇಕ್ರೆಡ್ ಹಾರ್ಪ್’ ಈ ಆಕಾರಲಿಪಿಯಲ್ಲಿದೆ, ಜನ ಇವತ್ತಿಗೂ ಚೌಕಾಕಾರವಾಗಿ ಎದುರುಬದುರು ಕೂತು ಅದನ್ನು ಹಾಡುತ್ತಾರೆ.

ಇದೇ ಶತಮಾನ ವಾದ್ಯ ಕಲಿಯುವವರಿಗೆ ಕೊಟ್ಟದ್ದು ಅಭ್ಯಾಸಪುಸ್ತಕಗಳನ್ನು. ಚೆರ್ನಿ, ಬೈಯರ್, 1873ರ ಹಾನೊಂ. ಬೆರಳು ಪಳಗಿಸುವುದರಲ್ಲಿ ಇವುಗಳ ಶಕ್ತಿಯನ್ನು ಅಲ್ಲಗಳೆಯಲಾರೆ. ಆದರೆ ಇವನ್ನೇ ವರ್ಷಗಟ್ಟಲೆ ನುಡಿಸಿದ ಮಗು ಪಿಯಾನೊ ಮುಚ್ಚಿ ಎದ್ದು ಹೋದರೆ ತಪ್ಪು ಮಗುವಿನದಲ್ಲ. ಶತಮಾನದ ಕೊನೆಗೆ ಪರೀಕ್ಷೆಗಳು ಬಂದವು. ಲಂಡನ್ನಿನ ಟ್ರಿನಿಟಿ ಕಾಲೇಜು, 1889ರಲ್ಲಿ ಸ್ಥಾಪನೆಯಾದ ಅಸೋಸಿಯೇಟೆಡ್ ಬೋರ್ಡ್, ಇವುಗಳ ಗ್ರೇಡ್ ಪರೀಕ್ಷೆಗಳನ್ನು ಬೆಂಗಳೂರು, ಮಂಗಳೂರಿನ ಮಕ್ಕಳೂ ಬರೆಯುತ್ತಾರೆ. ನಮ್ಮಲ್ಲೂ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸರ್ಕಾರಿ ಮೆಟ್ಟಿಲುಗಳಿವೆ. ಅದಕ್ಕೂ ಎಷ್ಟೋ ಮೊದಲೇ ಪುರಂದರದಾಸರ ಹೆಸರಿನಲ್ಲಿ ಬಂದ ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳ ಕ್ರಮ ಇತ್ತು. ಮೆಟ್ಟಿಲು ಬೇಕು, ಸರಿ. ಆದರೆ ‘ಗ್ರೇಡ್ ಮೂರು’ ಎಂದು ಹಾಳೆಯ ತಲೆಯ ಮೇಲೆ ಅಚ್ಚಾದದ್ದೇ ಆಯ್ಕೆ ಮುಗಿಯಿತೆಂದು ತಿಳಿಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಒಂದೇ ಗ್ರೇಡಿನ ಎರಡು ತುಣುಕುಗಳಲ್ಲಿ ಒಂದು ಚಿಕ್ಕ ಕೈಗೆ ಎಟುಕುತ್ತದೆ, ಇನ್ನೊಂದು ಪೂರ್ತಿ ಸ್ಥಾಯಿ ಅಗಲಿಸು ಎನ್ನುತ್ತದೆ. ಗ್ರೇಡು ಕೈಯ ಅಳತೆ ತೆಗೆಯುವುದಿಲ್ಲ.

ಇಪ್ಪತ್ತನೆಯ ಶತಮಾನದ ದೊಡ್ಡ ಸಂಯೋಜಕರು ಶಾಲೆಗಳತ್ತ ತಿರುಗಿದ್ದು ಈ ಕ್ಷೇತ್ರದ ಸುಗ್ಗಿಯ ಕಾಲ. ಗುಸ್ತಾವ್ ಹೋಲ್ಸ್ಟ್ 1905ರಿಂದ ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟರು. ಅಲ್ಲಿನ ಮಕ್ಕಳ ತಂತಿವಾದ್ಯ ತಂಡಕ್ಕೆ ಬರೆದ ‘ಸೇಂಟ್ ಪಾಲ್ಸ್ ಸ್ವೀಟ್’ನ ಕೊನೆಯ ಭಾಗದಲ್ಲಿ ಒಂದು ಪುಟ್ಟ ಕುಣಿತದ ಮಟ್ಟು ತಿರುತಿರುಗಿ ಬರುತ್ತದೆ, ಅದರ ಮೇಲೆ ‘ಗ್ರೀನ್‌ಸ್ಲೀವ್ಸ್’ ಹಾಡು ಹಾಯಾಗಿ ತೇಲಿಬಂದು ಸೇರುತ್ತದೆ. ಎರಡೂ ಜನರ ನಾಲಿಗೆಯ ಮೇಲಿದ್ದ ಮಟ್ಟುಗಳು. ಆ ಶಾಲೆಯ ಹುಡುಗಿಯರಿಗೆಂದು ಹುಟ್ಟಿದ ಇದನ್ನು ಇಂದು ವೃತ್ತಿಪರ ಆರ್ಕೆಸ್ಟ್ರಾಗಳೂ ನುಡಿಸುತ್ತವೆ.

ಹಂಗೇರಿಯ ಬೇಲಾ ಬಾರ್ತೋಕ್ 1926ರಿಂದ 1939ರವರೆಗೆ ಕೂಡಿಸಿದ ‘ಮೈಕ್ರೊಕಾಸ್ಮೊಸ್’ನಲ್ಲಿ 153 ತುಣುಕುಗಳು, ಆರು ಸಂಪುಟ. ಮೊದಲೆರಡನ್ನು ಮಗ ಪೇಟರ್‌ಗೆ ಅರ್ಪಿಸಿದ್ದಾನೆ. ಮೊದಲ ಪುಟ ತೆರೆದು ನೋಡಿ: ಎರಡು ಕೈಗೂ ಒಂದೇ ಮಟ್ಟು, ಸ್ಥಾಯಿ ಮಾತ್ರ ಬೇರೆ. ಐದು ಬೆರಳು ಐದು ಸ್ವರದ ಮೇಲೆ ಕೂತಲ್ಲೇ ಕೂತಿರುತ್ತವೆ. ಇಷ್ಟು ಬಿಗಿಯಾದ ಕಟ್ಟಿನೊಳಗೂ ಮಟ್ಟು ಎಲ್ಲಿಗೋ ಹೊರಟು ತಲುಪಿದ ಹಾಗೆ ಕೇಳುತ್ತದೆ. ಆರನೆಯ ಸಂಪುಟದ ಕೊನೆಗೆ ಬಲ್ಗೇರಿಯನ್ ಲಯದ ಆರು ಕುಣಿತಗಳು; 149ನೆಯದು ಎರಡು-ಎರಡು-ಮೂರರ ಎಣಿಕೆ, 150ನೆಯದು ಎರಡು-ಮೂರರದು. ಲಂಡನ್ನಿನ ಹುಡುಗನಿಗೆ ಇದು ಕಬ್ಬಿಣದ ಕಡಲೆ. ಮಿಶ್ರ ಛಾಪು, ಖಂಡ ಛಾಪು ತಾಳ ಹಾಕಿ ಗೊತ್ತಿರುವ ಮೈಸೂರಿನ ಹುಡುಗಿಯ ಕೈಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಯಾವುದು ಕಷ್ಟ ಎಂಬುದನ್ನು ತೀರ್ಮಾನಿಸುವಲ್ಲಿ ಕಲಿಯುವವರ ಊರಿಗೂ ಪಾಲಿದೆ. ಪಿಟೀಲು ಶಿಕ್ಷಕ ಎರಿಕ್ ಡೋಫ್ಲೈನ್ ಕೇಳಿಕೊಂಡದ್ದಕ್ಕೆ 1931ರಲ್ಲಿ ಎರಡು ಪಿಟೀಲಿಗೆ 44 ಜೋಡಿವಾದನಗಳನ್ನೂ ಬಾರ್ತೋಕ್ ಬರೆದುಕೊಟ್ಟ. ಅವುಗಳಲ್ಲಿ ಎರಡನೆಯವರು ಬರೀ ಸಾಥ್ ಕೊಡುತ್ತ ಕೂರುವುದಿಲ್ಲ, ಮಟ್ಟು ಅವರ ಕೈಗೂ ಬರುತ್ತದೆ. ಇಬ್ಬರು ಮಕ್ಕಳನ್ನು ಜೊತೆಗೂಡಿಸಲು ಇದಕ್ಕಿಂತ ಒಳ್ಳೆಯ ಪುಸ್ತಕವನ್ನು ನಾನು ಕಂಡಿಲ್ಲ.

ಅವನ ಗೆಳೆಯ ಜೋಲ್ತಾನ್ ಕೊದಾಯ್‌ನ ಹಟವೇ ಬೇರೆ. ಮಕ್ಕಳಿಗೆ ಎರಡನೆಯ ದರ್ಜೆಯ ಹಾಡು ಕೊಡಕೂಡದು, ಹಾಡು ತಾಯ್ನುಡಿಯ ಜನಪದದಿಂದ ಬರಬೇಕು, ಪಿಯಾನೊ ಆಸರೆ ಇಲ್ಲದೆ ಎರಡು ದನಿಯಿಂದ ಶುರುವಾಗಬೇಕು. 1937ರಿಂದ ಹೊರಬಂದ ‘ಬಿಚಿನಿಯಾ ಹಂಗಾರಿಕಾ’ ಸಂಪುಟಗಳು ಈ ಹಟದ ಫಲ. ಅಲ್ಲಿ ಎದ್ದು ಕಾಣುವುದು ಹಂಗೇರಿಯ ಹಳೆಯ ಐದು ಸ್ವರದ ಮಟ್ಟುಗಳು. ನಮ್ಮ ಕಿವಿಗೆ ಥೇಟ್ ಶುದ್ಧ ಧನ್ಯಾಸಿ. ಹೊಸ ಕೊರಳು ಶ್ರುತಿ ಬಿಡುವುದು ಹೆಚ್ಚಾಗಿ ಅರೆಸ್ವರದ ಅಂತರದಲ್ಲಿ. ಈ ಮಟ್ಟುಗಳಲ್ಲಿ ಆ ಅಂತರವೇ ಇಲ್ಲ. ಸ್ವರ ತೋರಿಸುವ ಕೈಸನ್ನೆಗಳನ್ನು ಅವನು ಕರ್ವೆನ್‌ನ ಪದ್ಧತಿಯಿಂದಲೇ ಪಡೆದ. 1950ರಲ್ಲಿ ಅವನ ಹುಟ್ಟೂರು ಕೆಚ್ಕೆಮೇಟ್‌ನಲ್ಲಿ ದಿನವೂ ಹಾಡು ಕಲಿಸುವ ಪ್ರಾಥಮಿಕ ಶಾಲೆ ಶುರುವಾಯಿತು.

ವಾದ್ಯತಂಡಗಳ ಕಷ್ಟ ಬೇರೆ: ಬೇಕಾದ ವಾದ್ಯವೇ ಇರುವುದಿಲ್ಲ. ಆಸ್ಟ್ರೇಲಿಯಾದ ಪರ್ಸಿ ಗ್ರೇಂಜರ್ 1929ರಲ್ಲಿ ‘ಹಿಗ್ಗುವ ಕುಗ್ಗುವ’ ವಾದ್ಯಯೋಜನೆಯನ್ನು ಬಹಿರಂಗವಾಗಿ ಪ್ರತಿಪಾದಿಸಿದ. ನಾಲ್ಕೇ ಜನರಿರಲಿ, ನಲವತ್ತಿರಲಿ, ದನಿಗಳ ತೂಕ ಸರಿಯಿದ್ದರೆ ಸಾಕು. ಇಲ್ಲದ ವಾದ್ಯದ ಪಾಲನ್ನು ಪಿಯಾನೊ, ಹಾರ್ಮೋನಿಯಂ ತುಂಬಲಿ ಎಂದ. ಮನೆಗೊಂದು ಹಾರ್ಮೋನಿಯಂ ಸಿಗಬಹುದಾದ ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಮಾತು. ಕೋವಿಡ್ ಕಾಲದಲ್ಲಿ ತಂಡಗಳು ಚೆದುರಿದಾಗ ಪ್ರಕಾಶಕರು ಇಂಥ ಹೊಂದಾಣಿಕೆಯ ಸ್ವರಲಿಪಿಗಳತ್ತ ಮತ್ತೆ ಹೊರಳಿದರು.

ಬೆಂಜಮಿನ್ ಬ್ರಿಟನ್ ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದ ಎಂದು ನನ್ನ ಎಣಿಕೆ. ವೇಲ್ಸ್‌ನಲ್ಲಿ ಅಣ್ಣ ನಡೆಸುತ್ತಿದ್ದ ಶಾಲೆಯ ಹುಡುಗರಿಗೆ 1930ರ ದಶಕದಲ್ಲಿ ‘ಫ್ರೈಡೇ ಆಫ್ಟರ್‌ನೂನ್ಸ್’ ಹಾಡುಗಳನ್ನು ಬರೆದ. ಕೊನೆಯದು ಕ್ಯಾನನ್: ಎಲ್ಲರೂ ಕಲಿಯುವುದು ಒಂದೇ ಮಟ್ಟು, ಒಬ್ಬರ ಹಿಂದೊಬ್ಬರು ಶುರುಮಾಡಿದರೆ ತಾನಾಗಿ ಬಹುದನಿ. ಇನ್ನು 1958ರ ಜೂನ್ 18ರಂದು ಆರ್ಫರ್ಡ್ ಊರಿನ ಚರ್ಚಿನಲ್ಲಿ ಮೊದಲ ಪ್ರದರ್ಶನ ಕಂಡ ‘ನೋಯ್ಸ್ ಫ್ಲಡ್’. ನೋಹನ ಪ್ರಳಯದ ಕಥೆ. ಹಾಡುವ, ನುಡಿಸುವ ಬಹುಪಾಲು ಮಂದಿ ಮಕ್ಕಳು. ಅದರ ಪಿಟೀಲು ಪಾಲು ಮೂರು ಹಂತದಲ್ಲಿದೆ. ಮೊದಲನೆಯವರು ಒಂದಷ್ಟು ಪಳಗಿದವರು. ಎರಡನೆಯವರ ಕೈ ಮೊದಲ ಸ್ಥಾನ ಬಿಟ್ಟು ಜರುಗಬೇಕಿಲ್ಲ. ಮೂರನೆಯವರಿಗೆ ಬಹಳಷ್ಟು ಕಡೆ ಬಿಡಿ ತಂತಿಗಳು ಮಾತ್ರ. ಎಡಗೈ ಬೆರಳು ಊರಲು ಇನ್ನೂ ಬಾರದ ಮಗುವೂ ಬಿಲ್ಲು ಎಳೆಯಬಹುದು. ಮಳೆಯ ಮೊದಲ ಹನಿಗಳಿಗೆ ದಾರದಲ್ಲಿ ತೂಗುಬಿಟ್ಟ ಕಪ್ಪುಗಳನ್ನು ಬಡಿಯುತ್ತಾರೆ. ಆ ಬಿಡಿ ತಂತಿಯ ಸ್ವರಗಳು ಕರುಣೆಗೆ ಕೊಟ್ಟ ಪಾಲಲ್ಲ; ತೆಗೆದುಬಿಟ್ಟರೆ ಪ್ರಳಯ ಸಪ್ಪೆಯಾಗುತ್ತದೆ.

ಮತ್ತೆ ಕ್ವಾಯರಿನ ಹಾಳೆಗಳಿಗೆ ಬಂದರೆ, ಹಾಡಿನ ಅತಿ ಎತ್ತರದ ಸ್ವರ ಯಾವುದು ಎಂದಷ್ಟೇ ನೋಡುವವರು ಬಹಳ. ಆ ಸ್ವರಕ್ಕಿಂತ ಮಟ್ಟು ಹೆಚ್ಚು ಹೊತ್ತು ಎಲ್ಲಿ ತಂಗುತ್ತದೆ ಎಂಬುದು ಮುಖ್ಯ. ತಾರಸ್ಥಾಯಿಯ ಗಾಂಧಾರವನ್ನು ಒಮ್ಮೆ ಮುಟ್ಟಿ ಇಳಿಯುವ ಹಾಡು ಸುಲಭ. ತಾರ ಷಡ್ಜದ ಆಚೀಚೆಯೇ ಎರಡು ಪುಟ ಸುತ್ತುವ ಹಾಡು, ಅಷ್ಟು ಎತ್ತರ ಹೋಗದಿದ್ದರೂ, ಕೊರಳನ್ನು ಬಳಲಿಸುತ್ತದೆ. ದನಿ ಒಡೆಯುವ ವಯಸ್ಸಿನ ಹುಡುಗರಿಗಂತೂ ನೆಮ್ಮದಿಯಾಗಿ ಹಾಡಲು ಸಿಗುವ ಜಾಗ ಕಿರಿದು. ಫ್ಲಾರಿಡಾದಲ್ಲಿ ಪಾಠ ಹೇಳುತ್ತಿದ್ದ ಇರ್ವಿನ್ ಕೂಪರ್ ಇಂಥ ಹುಡುಗರನ್ನು ಹಾಡಿನಿಂದ ಹೊರಗಿಡದೆ ‘ಕಂಬಿಯಾಟ’ ಎಂಬ ಪ್ರತ್ಯೇಕ ದನಿಯನ್ನೇ ಗುರುತಿಸಿ ಆ ಜಾಗದೊಳಗೆ ಹಾಡು ಬರೆದ, ಬರೆಸಿದ. ಟೆನರ್ ಇಬ್ಬರೇ ಇರುವ ಕ್ವಾಯರಿಗೆ, ಗಂಡಸರೆಲ್ಲ ಒಂದೇ ಸಾಲು ಹಾಡುವ ಮೂರು ದನಿಯ ಸ್ವರಲಿಪಿ ನಾಲ್ಕು ದನಿಯದಕ್ಕಿಂತ ತುಂಬಿ ಕೇಳುತ್ತದೆ.

ಹಾಳೆ ಸಿಗುವುದು ಈಗ ಕಷ್ಟವಲ್ಲ. 1998ರಲ್ಲಿ ಶುರುವಾದ ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ, 2006ರ ಐಎಂಎಸ್‌ಎಲ್‌ಪಿ ಎರಡೂ ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಪುಕ್ಕಟೆಯಾಗಿ ಕೊಡುತ್ತವೆ. ಎರಡನೆಯದು ವಿಯೆನ್ನಾದ ಪ್ರಕಾಶಕರ ಆಕ್ಷೇಪದಿಂದ 2007ರಲ್ಲಿ ಬಾಗಿಲು ಹಾಕಿ, ಮರುವರ್ಷ ತೆರೆಯಿತು. ಭಾರತದಲ್ಲಿ ಹಕ್ಕುಸ್ವಾಮ್ಯ ಕೃತಿಕಾರರು ತೀರಿಕೊಂಡ ಮೇಲೆ ಅರವತ್ತು ವರ್ಷ ಉಳಿಯುತ್ತದೆ. ಹೋಲ್ಸ್ಟ್ (1934), ಬಾರ್ತೋಕ್ (1945) ಇಲ್ಲಿ ಮುಕ್ತ. ಕೊದಾಯ್‌ಗೆ 2027 ಮುಗಿಯಬೇಕು, ಬ್ರಿಟನ್‌ಗೆ 2036. ಅಲ್ಲಿಯ ತನಕ ಒಂದು ಪ್ರತಿ ಕೊಂಡು ಮೂವತ್ತು ಜೆರಾಕ್ಸ್ ತೆಗೆಸುವುದು ತಪ್ಪು, ಕಾನೂನಿನಲ್ಲೂ ನ್ಯಾಯದಲ್ಲೂ.

ಇದೇ ಲೆಕ್ಕ ಕನ್ನಡಕ್ಕೂ ಉಪಯೋಗಕ್ಕೆ ಬರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಬಿಎಂಶ್ರೀ 1946ರಲ್ಲಿ ತೀರಿಕೊಂಡರು. ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕವಿತೆಗಳಿಗೆ ಯಾರ ಅಪ್ಪಣೆಯೂ ಬೇಡ. ಪಂಜೆಯವರ ಮಕ್ಕಳ ಪದ್ಯಗಳ ಲಯ ಹಾಡಿಗೆಂದೇ ಹುಟ್ಟಿದ್ದು. ಅದರಲ್ಲೊಂದನ್ನು ಶುದ್ಧ ಧನ್ಯಾಸಿಯಲ್ಲೋ ಮೋಹನದಲ್ಲೋ ಒಂದೇ ಸ್ಥಾಯಿಯೊಳಗೆ ಕೂರಿಸಿ, ಎರಡು ದನಿಯ ಕ್ಯಾನನ್ ಮಾಡಿ, ಸರಿಗಮದಲ್ಲೂ ಐದು ಗೆರೆಯಲ್ಲೂ ಒಂದೇ ಪುಟದಲ್ಲಿ ಅಚ್ಚು ಹಾಕಿದರೆ ಚರ್ಚಿನ ಕ್ವಾಯರಿನವರೂ ಸರ್ಕಾರಿ ಶಾಲೆಯ ಸಂಗೀತದ ಮೇಷ್ಟರೂ ಒಟ್ಟಿಗೆ ಬಳಸಬಹುದು. ಬರೆಯಲು ಕೂರುವವರು ತಮ್ಮ ಊರಿನ ಒಂದು ಶಾಲೆಗೆ ಹೋಗಿ, ಐದನೆಯ ತರಗತಿಯ ಮಕ್ಕಳು ಯಾವ ಶ್ರುತಿಯಲ್ಲಿ ಆರಾಮಾಗಿ ಹಾಡುತ್ತಾರೆ ಎಂದು ಮೊದಲು ಕೇಳಿ ಬರಲಿ.